ಕುರಿ ಕೊಟ್ಟಿಗೆಯಲ್ಲಿ ಕಣ್ಣಿಗೆ ಬಣ್ಣ

ನಮ್ಮ ಮನೆಯಲ್ಲಿ ರೇಷ್ಮೆ ಹುಳ ತಟ್ಟೆಯಲ್ಲಿರುವಷ್ಟು ದಿನ ಯಾರೂ ಪೌಡರ್ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಒಗ್ಗರಣೆ ಒಸಿ ಘಾಟಾದರೂ ನಮ್ಮ ಯಜಮಾನರು ಓಡಿಹೋಗಿ ಹುಳುಮನೆಯ ಬಾಗಿಲು ಎಳೆಯುತ್ತಾರೆ. ಹುಳಕ್ಕೆ ವಾಸನೆ ಆಗದು, ಸೊಪ್ಪು ಬಿಟ್ಟುಬಿಡುತ್ತವೆ. ಅಂಥ ಮನೆಗೆ ನನ್ನ ಮೊಮ್ಮಗಳು ಕಣ್ಣಿಗೆ ಹಚ್ಚುವ ಬಣ್ಣದ ಡಬ್ಬಿ ತಂದಳು.

ಅವಳು ನನ್ನ ಮಗನ ಮಗಳು. ಚನ್ನಪಟ್ಟಣದ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಕಾಲೇಜು ಬಿಟ್ಟ ಮೇಲೆ ಅಲ್ಲೇ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂತು ಮದುವೆ ಹೆಣ್ಣಿಗೆ ಮೇಕಪ್ ಮಾಡುವುದನ್ನು ಕಲಿತಳು. ಆ ಡಬ್ಬಿಗೆ ಪ್ಯಾಲೆಟ್ ಅನ್ನುತ್ತಾರೆ. ಮುಚ್ಚಳ ತೆರೆದರೆ ಪುಟ್ಟ ಪುಟ್ಟ ಗುಳಿ, ಗುಳಿಗೊಂದು ಬಣ್ಣ. ನೀಲಿ, ಹಸಿರು ಹುಡುಕಿದರೂ ಇಲ್ಲ. ಹುರಿದ ರಾಗಿಯ ಬಣ್ಣ, ಹಳೇ ಬೆಲ್ಲದ ಬಣ್ಣ, ಹೆಂಚಿನ ಬಣ್ಣ, ಬೆಳಗಿಟ್ಟ ತಾಮ್ರದ ಹಂಡೆಯ ಬಣ್ಣ. ಮೂಲೆಯಲ್ಲೊಂದು ಹೊಳೆಯುವ ಹಳದಿ ಇತ್ತು ನೋಡಿ, ಅದು ನಮ್ಮ ರೇಷ್ಮೆ ಗೂಡಿನದೇ ಹಳದಿ.

"ಎಲ್ಲ ಬೆಚ್ಚನೆ ಬಣ್ಣ ಅಜ್ಜಿ. ನಮ್ಮ ಕಡೆಯೋರ ಮೈಬಣ್ಣಕ್ಕೆ ಚೆಂದಾಗಿ ಕೂಡ್ಕತ್ತವೆ" ಅಂದಳು.

ಅಷ್ಟರಲ್ಲಿ ಯಜಮಾನರು ಜಗಲಿಗೆ ಬಂದರು. "ಆ ಡಬ್ಬಿ ಹೊಸ್ಲು ದಾಟಿದ್ರೆ ಹುಳನೆಲ್ಲ ತಿಪ್ಪೆಗೆ ಸುರೀಬೇಕಾಯ್ತದೆ. ಹೊರೀಕೆ ಮಡಗವ್ವ."

"ತಾತ, ಇದ್ರಲ್ಲಿ ವಾಸ್ನೆನೇ ಇಲ್ಲ. ಮೂಸ್ನೋಡು ಬೇಕಾರೆ."

"ನನ್ ಮೂಗಿಗಿಲ್ದಿದ್ರೂ ಹುಳಕ್ಕೈತೆ ಕಣವ್ವ."

ಹೀಗೆ ಡಬ್ಬಿ ಕುರಿ ಕೊಟ್ಟಿಗೆ ಸೇರಿತು. ಅವಳಿಗೋ ಆತುರ. ಎದುರು ಮನೆಯ ಹುಡುಗಿಗೆ ಮದುವೆ ಗೊತ್ತಾಗಿತ್ತು. ಆ ಹುಡುಗಿ, "ನಂಗೆ ನೀನೇ ಮಾಡ್ಬೇಕು" ಎಂದಿದ್ದಳು. ಅವಳ ಸೋದರತ್ತೆಗೆ ಅದು ಇಷ್ಟವಿಲ್ಲ, ರಾಮನಗರದಿಂದ ಪಾರ್ಲರಿನವರನ್ನೇ ಕರೆಸಬೇಕೆಂದು ಹಟ. ಕೊನೆಗೆ, ಮದುವೆಗೆ ಮುಂಚೆ ಒಂದು ಸಲ ಮಾಡಿ ತೋರಿಸಲಿ, ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ರಾಮನಗರವೇ ಎಂದು ಮಾತಾಯಿತು. ನನ್ನ ಮೊಮ್ಮಗಳಿಗೆ ಅದು ಮೊದಲನೇ ಮದುವೆ ಹೆಣ್ಣು. ಇಲ್ಲಿ ಬೇಡ ಅನ್ನಿಸಿಕೊಂಡರೆ ಊರಲ್ಲಿ ಇನ್ಯಾರು ಕರೆಯುತ್ತಾರೆ?

ಕೈ ಪಳಗಿಸಿಕೊಳ್ಳಲು ಒಂದು ಮುಖ ಬೇಕಲ್ಲ. ಗಂಜಲದ ವಾಸನೆಯಲ್ಲಿ ಬಂದು ಕೂರುವ ಹುಡುಗಿ ಯಾರೂ ಸಿಗಲಿಲ್ಲ. ಸಿಕ್ಕವಳು ನಾನೊಬ್ಬಳೇ. ಮಧ್ಯಾಹ್ನ ಕೊಟ್ಟಿಗೆಯಲ್ಲಿ ಮಂಕರಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದೆ. ಅವಳು ಬ್ರಷ್ಷಿನಲ್ಲಿ ರಾಗಿ ಬಣ್ಣ, ಬೆಲ್ಲದ ಬಣ್ಣ ತಗೊಂಡು ನನ್ನ ರೆಪ್ಪೆಯ ಮೇಲೆ ಬಳಿಯುವಳು. ಕಣ್ಣು ಮುಚ್ಚಿದ್ದಾಗ ಎಲ್ಲ ಸರಿಯೇ. ಬಿಟ್ಟೆನೋ, ಜೋತ ರೆಪ್ಪೆ ಮಡಿಸಿಕೊಂಡು ಬಣ್ಣವೆಲ್ಲ ಮಾಯ.

"ಅಜ್ಜಿ, ಬಣ್ಣ ಎಲ್ಲೋಯ್ತು?"

"ಒಳೀಕೋಯ್ತು ಕಣವ್ವ. ವಯಸ್ಸಾದೋರ ಕಣ್ಣು, ಸಿಕ್ಕಿದ್ದ ನುಂಗ್ಬುಡ್ತದೆ."

ನಕ್ಕಳು, ಆದರೆ ಬಿಡಲಿಲ್ಲ. ಮಾರನೆಯ ದಿನದಿಂದ, "ಕಣ್ಮುಚ್ಬೇಡ. ಆ ಟಗರ ನೆಟ್ಟಗೆ ನೋಡ್ತಿರು" ಅಂದಳು. ನಾನು ಟಗರನ್ನು ನೋಡುವುದು, ಟಗರು ನನ್ನನ್ನು ನೋಡುವುದು. ರೆಪ್ಪೆ ಎಲ್ಲಿ ಮಡಿಸುತ್ತದೋ ಅದರಿಂದ ಒಂದೆಳೆ ಮೇಲಕ್ಕೆ ಬಣ್ಣ ಇಡುತ್ತ ಬಂದಳು. ಆಮೇಲೆ ಕನ್ನಡಿ ನೋಡಿಕೊಂಡರೆ ನನ್ನ ಕಣ್ಣಿಗೇ ಜೀವ ಬಂದಂತಿತ್ತು.

ತೋರಿಸುವ ದಿನ ನಾನೂ ಜೊತೆಗೆ ಹೋದೆ. ಎದುರು ಮನೆ ತುಂಬ ಹೆಂಗಸರು. ಅಷ್ಟು ಜನರನ್ನು ನೋಡಿ ಇವಳಿಗೆ ದಿಗಿಲಾಗಿರಬೇಕು, ಪಾರ್ಲರಿನಲ್ಲಿ ಹೇಳಿಕೊಟ್ಟ ಹಾಗೆಯೇ ಹುಡುಗಿಯ ಕಣ್ಣು ಮುಚ್ಚಿಸಿ ಹೆಂಚಿನ ಕೆಂಪು ಹಚ್ಚಿದಳು. ಹುಡುಗಿ ಕಣ್ಣು ಬಿಟ್ಟಳು. ಅವಳದೂ ಮಡಿಸಿಕೊಳ್ಳುವ ರೆಪ್ಪೆ. ಬಣ್ಣವೆಲ್ಲ ಒಳಗೆ ಹೋಗಿ ಅಂಚಿನಲ್ಲಿ ಕೆಂಪೊಂದೇ ಉಳಿಯಿತು.

"ಅಯ್ಯೋ, ಇದೇನವ್ವ! ಮದ್ರಾಸ್ ಐ ಬಂದಂಗೈತೆ" ಎಂದು ಸೋದರತ್ತೆ ಕೂಗಿದರು. "ಗಂಡಿನ ಕಡೆಯೋರೆಲ್ಲ ಕಪ್ಪು ಕನ್ನಡ್ಕ ಹಾಕ್ಕಂಡು ಧಾರೆ ಎರೆಸ್ಕಬೇಕಾಯ್ತದೆ!"

ಮನೆಯೆಲ್ಲ ನಕ್ಕಿತು. ನನಗೆ ಎದ್ದು ಜಾಡಿಸಬೇಕು ಅನ್ನಿಸಿತು. ಇವಳ ಬ್ರಷ್ಷು ಗಾಳಿಯಲ್ಲೇ ನಿಂತಿತು. ಅತ್ತುಬಿಡುತ್ತಾಳೆ ಅಂದುಕೊಂಡೆ. ಇಲ್ಲ, ಹುಡುಗಿಯ ಕಣ್ಣು ನೋಡಿದಳು, ತಿರುಗಿ ನನ್ನ ಕಣ್ಣು ನೋಡಿದಳು.

"ಅಕ್ಕ, ಒರೆಸ್ಬುಡಾನ. ಈ ಸಲ ಕಣ್ಮುಚ್ಬೇಡ. ಅಗೋ, ನಮ್ಮಜ್ಜೀನ ನೆಟ್ಟಗೆ ನೋಡ್ತಿರು."

ಕೊಟ್ಟಿಗೆಯಲ್ಲಿ ಟಗರು ಮಾಡಿದ ಕೆಲಸ ಈಗ ನನ್ನದಾಯಿತು. ಮಿಸುಕದೆ ಕೂತೆ. ಇವಳು ಮೊದಲು ರಾಗಿ ಬಣ್ಣದಲ್ಲಿ ಮಡಿಕೆಗಿಂತ ಮೇಲೆ ನೆರಳಿನ ಹಾಗೆ ಎಳೆದಳು. ತುದಿಗೆ ಬೆಲ್ಲದ ಬಣ್ಣ ಒತ್ತಿ, ಅದು ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದ ಹಾಗೆ ಉಜ್ಜಿದಳು. ಕಡೆಗೆ ಬೆರಳಿನಲ್ಲೇ ಆ ಗೂಡಿನ ಹಳದಿ ತಗೊಂಡು ರೆಪ್ಪೆಯ ನಡುವೆ ಒಂದು ಚೂರು ಒತ್ತಿದಳು. ಹೆಂಚಿನ ಕೆಂಪನ್ನು ಮುಟ್ಟಲೇ ಇಲ್ಲ. ಆ ಎಣ್ಣೆಗಪ್ಪು ಮುಖದಲ್ಲಿ ಕಣ್ಣು ದೀಪ ಹಚ್ಚಿಟ್ಟ ಗೋಡೆಗೂಡಿನಂತಾದವು.

ಸೋದರತ್ತೆ ಹತ್ತಿರ ಬಂದು ಹುಡುಗಿಯ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಧಾರೆ ದಿನ ಬೆಳಿಗ್ಗೆ ಎಷ್ಟೊತ್ಗೆ ಬತ್ತೀಯವ್ವ?" ಅಂದರು. ಅಷ್ಟೇ. ನನಗೆ ಅಷ್ಟು ಸಾಕು, ಕುಣಿಯುವುದೊಂದು ಬಾಕಿ.

ಮದುವೆಯ ದಿನವೇ ನಮ್ಮ ಹುಳ ಮೈ ಹೊಳೆವ ಹಳದಿಗೆ ತಿರುಗಿ ಹಣ್ಣಾದವು. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡಬೇಕು, ತಡವಾಗಬಾರದು. ಯಜಮಾನರು, ಮಗ, ಸೊಸೆ ಮನೆಯಲ್ಲೇ ಉಳಿದರು. ನಾನು ಮಾತ್ರ ನಿಲ್ಲಲಿಲ್ಲ. ಇವಳು ಹೆಣ್ಣಿನ ಜೊತೆ ನನ್ನ ಕಣ್ಣಿಗೂ ಅದೇ ಬಣ್ಣ ಹಾಕಿದಳು. ಗಂಡು ಹೆಣ್ಣಿನ ನಡುವಿನ ತೆರೆ ಸರಿದಾಗ ಹುಡುಗಿ ಕಣ್ಣೆತ್ತಿದಳು. ಜೀರಿಗೆ ಬೆಲ್ಲ ಹಾಕುವುದನ್ನೇ ಮರೆತು ಗಂಡು ನೋಡುತ್ತ ನಿಂತ. "ಯಾರವ್ವ ಮೇಕಪ್ ಮಾಡಿದ್ದು?" ಎಂದು ಹಿಂದಿನ ಸಾಲಿನ ಹೆಂಗಸರು ಕೇಳಿದರು. ಕೇಳದವರಿಗೂ ನಾನೇ ಹೇಳಿದೆ.

ಮನೆಗೆ ಬಂದರೆ ಯಜಮಾನರು ಬಾಗಿಲಿಗೆ ಅಡ್ಡ. "ಮುಖ ತೊಳ್ಕಂಡ್ ಒಳೀಕ್ ಬಾ, ಇವ್ಳೆ."

"ತೊಳ್ಯಾಕಿಲ್ಲ. ನಾನು ಒಳೀಕ್ ಬಂದ್ರೆ ತಾನೆ?" ಎಂದು ಜಗಲಿಯ ಮೇಲೆ ಕೂತುಬಿಟ್ಟೆ.

ಒಸಿ ಹೊತ್ತಿಗೆ ಅವರೇ ಒಂದು ಲೋಟ ನೀರು ತಂದುಕೊಟ್ಟು ಎದುರು ಕುಕ್ಕರಗಾಲಲ್ಲಿ ಕೂತರು. "ಎಲ್ಲಿ, ಕಣ್ಮುಚ್ಚು, ನೋಡಾನ."

"ಇದು ಕಣ್ಬಿಟ್ಟೇ ನೋಡೋ ಬಣ್ಣ. ನಿಮ್ ಮೊಮ್ಮಗಳು ಹಂಗೇ ಮಾಡವ್ಳೆ."

ಬೆಳಕಿಗೆ ಹುಳ ಹಿಡಿದು ನೋಡುವ ಹಾಗೆ ಬಗ್ಗಿ ನೋಡಿದರು. "ಹಣ್ಣಾದ ಹುಳದ ಬಣ್ಣ ಬಂದೈತೆ ಕಣೆ" ಅಂದರು. ಬೆಳೆ ಕೈಗೆ ಬಂದ ದಿನವಲ್ಲದೆ ಅವರ ಬಾಯಲ್ಲಿ ಆ ದನಿ ನಾನು ಕೇಳಿದ್ದೇ ಇಲ್ಲ.

ಹೊತ್ತು ಮುಳುಗುವವರೆಗೂ ನಾನು ಜಗಲಿ ಬಿಟ್ಟು ಏಳಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಸುಮ್ಮಸುಮ್ಮನೆ ಕರೆದು, ಕಣ್ಣು ಅಗಲಿಸಿಕೊಂಡು ಮಾತಾಡಿಸಿದೆ.