ಎಲ್ಮಾ ಆಂಟಿಯ ಫೋನಿನ ದನಿ

ಕ್ವೀನ್ಸ್‌ಲ್ಯಾಂಡಿನ ನಮ್ಮೂರಲ್ಲಿ, ರೈಲುಹಳಿಯ ಈಚೆಗಿರುವ ಕರಿಯರ ಕೇರಿಯಲ್ಲಿ, ಯಾರಿಗೆ ಮೈ ಸರಿಯಿಲ್ಲದಿದ್ದರೂ ಮೊದಲು ಓಡುವುದು ಎಲ್ಮಾ ಆಂಟಿಯ ಮನೆಗೆ. ಆಕೆ ಡಾಕ್ಟರಲ್ಲ, ಡಾಕ್ಟರಿಗೆ ಫೋನು ಮಾಡುವವಳು. ನಮ್ಮ ಮಾತಿನ ಧಾಟಿ ಕಿವಿಗೆ ಬಿದ್ದೊಡನೆ ಕ್ಲಿನಿಕ್ಕಿನ ಹುಡುಗಿ, “ಮುಂದಿನ ತಿಂಗಳು ನೋಡೋಣ” ಎನ್ನುತ್ತಾಳೆ. ಆಂಟಿಯಾದರೋ ಚಿಕ್ಕಂದಿನಲ್ಲಿ ಬಿಳಿಯ ದೊರೆಸಾನಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತ ಅವಳ ದನಿಯನ್ನೇ ಕದ್ದು ತಂದವಳು. ಬಾಯಲ್ಲಿದ್ದ ರೊಟ್ಟಿ ನುಂಗಿ, ಬರಿಗಾಲಲ್ಲಿ ನೆಟ್ಟಗೆ ನಿಂತು, ಕೊರಳಲ್ಲಿಲ್ಲದ ಮುತ್ತಿನ ಸರ ಸರಿಪಡಿಸಿಕೊಂಡು ಶುರುಮಾಡುತ್ತಾಳೆ: “ಶುಭೋದಯ. ನಮ್ಮ ಸೆಡ್ರಿಕ್ ಅವರ ಪಾದದ ತಪಾಸಣೆ ಇಂದೇ ಆಗಬೇಕಿತ್ತಲ್ಲ?” ಇಂದೇ ಆಗುತ್ತದೆ! ಫೋನಿಟ್ಟವಳೇ, ಪಕ್ಕದಲ್ಲೇ ಕೂತಿದ್ದ ಸೆಡ್ರಿಕ್ ತಾತನಿಗೆ, “ಏಳೋ ಮುದಿಯಾ, ಹತ್ತು ಗಂಟೆಗಂತೆ. ಕಾಲು ತೊಳ್ಕೊಂಡು ಹೋಗು, ನನ್ನ ಮಾನ ಕಳೀಬೇಡ” ಎಂದು ಗದರುತ್ತಾಳೆ. ನಾವು ಬಿದ್ದು ಬಿದ್ದು ನಗುತ್ತೇವೆ. ಹೋದ ಚಳಿಗಾಲದಲ್ಲಿ ಆಕೆಯ ಎದೆಯಲ್ಲೇ ಗಂಟು ಕಾಣಿಸಿತು. “ಎಲ್ಮಾ ಪ್ರೈಸ್ ಮಾತನಾಡುತ್ತಿದ್ದೇನೆ” ಎಂದು ಅದೇ ದನಿಯಲ್ಲಿ ಫೋನು ಮಾಡಿದಳು, ಅಂದೇ ಬರಹೇಳಿದರು. ಜೊತೆಗೆ ನಾನೂ ಹೋದೆ. ಹುಡುಗಿ ಆಂಟಿಯನ್ನು ಮೇಲಿಂದ ಕೆಳಗೆ ನೋಡಿ, “ಇದು ಪ್ರೈಸ್ ಮೇಡಂ ಟೈಮು. ಅವ್ರು ಬರ್ತಾರೆ, ನೀವು ಆ ಕಡೆ ಕೂತ್ಕೊಳ್ಳಿ” ಎಂದಳು. ದೊರೆಸಾನಿಯ ದನಿ ಈಗ ಹೊರಡುತ್ತದೆಂದು ನಾನು ಕಾದೆ. ಆಂಟಿ ಕೇರಿಯ ದನಿಯಲ್ಲೇ, “ಅವ್ಳೇ ಕಣೇ ನಾನು. ಬಂದಿದೀನಿ, ನೋಡು” ಎಂದಳು. ಒಳಗೆ ಬಿಟ್ಟರು, ಗಂಟು ಬೇಗ ಸಿಕ್ಕಿದ್ದರಿಂದ ಆಂಟಿ ಉಳಿದಳು. ಆದರೆ ಆಕೆ ಒಳಗೆ ಹೋದ ಮೇಲೂ ಆ ಹುಡುಗಿ, ಇನ್ನೊಬ್ಬಳು ಬರಬಹುದೆಂದು, ಬೀದಿಯ ಕಡೆ ನೋಡುತ್ತಲೇ ಇದ್ದಳು.