ಬಾಡಿಗೆಗೆ ಕೊಟ್ಟ ಲೇತ್

ತೊಂಬತ್ತರ ದಶಕದ ನಡುವಿನ ಒಂದೆರಡು ವರ್ಷ ನಾನು ಏಕಕಾಲಕ್ಕೆ ಎರಡು ಕಡೆ ದುಡಿಯುತ್ತಿದ್ದೆ. ಒಂದು ಕಡೆ ನಾನೇ ಇದ್ದೆ: ಪೀಣ್ಯದ ದೊಡ್ಡ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ, ಫೋರ್‌ಮನ್ನಿನ ನೀಲಿ ಕೋಟು ತೊಟ್ಟು. ಇನ್ನೊಂದು ಕಡೆ ನನ್ನ ಲೇತ್ ಇತ್ತು, ಕಬ್ಬಿಣದ ಸರಳನ್ನು ತಿರುಗಿಸಿ ಕಡೆಯುವ ಯಂತ್ರ. ರಾಜಗೋಪಾಲನಗರದ ಅಂಚಿನಲ್ಲಿ, ತಗಡಿನ ಶೆಡ್ಡೊಂದರಲ್ಲಿ, ಬೇರೊಬ್ಬನ ಕೈಕೆಳಗೆ ಅದು ತಿರುಗುತ್ತಿತ್ತು.

ಮಧ್ಯಾಹ್ನದ ಊಟ ಮುಗಿಸಿ ಟೂಲ್‌ರೂಮಿನ ಎತ್ತರದ ಕಿಟಕಿಯ ಕೆಳಗೆ ನಿಲ್ಲುವುದು ನನ್ನ ಅಭ್ಯಾಸ. ಅಲ್ಲಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ಎಣ್ಣೆಯ ಆವಿ ನಿಧಾನವಾಗಿ ಸುಳಿಯುತ್ತಿತ್ತು. ಸುತ್ತಲಿನ ಸದ್ದೆಲ್ಲ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಈ ಗಳಿಗೆಯಲ್ಲಿ ನನ್ನ ಲೇತ್ ಕಬ್ಬಿಣದ ಸಿಪ್ಪೆ ಸುಲಿಯುತ್ತಿದೆ, ಸುಲಿದದ್ದರಲ್ಲಿ ಒಂದು ಪಾಲು ನನಗೆ ಬರುತ್ತದೆ ಅನ್ನಿಸುತ್ತಿತ್ತು. ನಾನು ಸುಮ್ಮನೆ ನಿಂತಿದ್ದೇನೆ, ಆದರೂ ದುಡಿಯುತ್ತಿದ್ದೇನೆ. ಇದು ಸುಖವೋ ತಪ್ಪೋ ತಿಳಿಯುತ್ತಿರಲಿಲ್ಲ.

ತಿಳಿಯದಿರಲು ಕಾರಣವಿತ್ತು. ನನ್ನ ತಂದೆ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ನಿಂತ ಹೊತ್ತಿಗೆ ಸಂಬಳ, ಕುಳಿತ ಹೊತ್ತಿಗೆ ಇಲ್ಲ. ನಾನು ಓದಿದ್ದು ಮಠದ ಉಚಿತ ಹಾಸ್ಟೆಲಿನಲ್ಲಿ. ಬೆಳಗಿನ ಜಾವ ಎದ್ದು ಅಂಗಳ ಗುಡಿಸಿದವನಿಗೆ ಮಾತ್ರ ತಿಂಡಿ. ಕಾಯಕ ಅನ್ನುವ ಮಾತನ್ನು ನಾನು ಮೊದಲು ಕಲಿತದ್ದು ಪೊರಕೆ ಹಿಡಿದೇ. ಹಾಗೆ ಬೆಳೆದವನಿಗೆ, ಕೂತಲ್ಲಿಗೆ ಬರುವ ಹಣ ಯಾರದೋ ಮನೆಯ ಊಟವನ್ನು ತಪ್ಪಾಗಿ ನನ್ನ ಎಲೆಗೆ ಬಡಿಸಿದ ಹಾಗೆ ಅನ್ನಿಸುತ್ತಿತ್ತು.

ಪಿ.ಎಫ್.ನಿಂದ ಸಾಲ ತೆಗೆದಾಗ ಹೆಂಡತಿ ಸೈಟು ಕೊಳ್ಳೋಣ ಅಂದಳು. ಸೈಟು ನನಗೆ ಅರ್ಥವಾಗುವ ವಸ್ತುವಲ್ಲ. ಲೇತ್ ಅರ್ಥವಾಗುತ್ತಿತ್ತು. ಮುಚ್ಚಿಹೋಗುತ್ತಿದ್ದ ಒಂದು ವರ್ಕ್‌ಶಾಪಿನಿಂದ ಹಳೆಯ, ಗಟ್ಟಿಮುಟ್ಟಾದ ಲೇತ್ ಕೊಂಡೆ. ಅದನ್ನು ಬಾಗಲಕೋಟೆ ಕಡೆಯ ಒಬ್ಬ ಟರ್ನರ್‌ಗೆ, ಅಂದರೆ ಲೇತ್ ಓಡಿಸುವವನಿಗೆ, ತಿಂಗಳ ಬಾಡಿಗೆಗೆ ಕೊಟ್ಟೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಳ್ಳೆಯ ಕೆಲಸಗಾರ. ಸ್ವಂತ ಶೆಡ್ಡು ಹಿಡಿದಿದ್ದ, ಯಂತ್ರ ಕೊಳ್ಳುವಷ್ಟು ಹಣವಿರಲಿಲ್ಲ. ಬಾಡಿಗೆಯನ್ನು ತಿಂಗಳ ಮೊದಲ ಭಾನುವಾರ ತಪ್ಪದೆ ತಂದುಕೊಡುತ್ತಿದ್ದ.

ಎರಡನೆಯ ವರ್ಷ ದಸರೆಗೆ ಮುಂಚೆ ಕಾರ್ಖಾನೆಯವರು ಸ್ವಯಂ ನಿವೃತ್ತಿಯ ನೋಟಿಸು ಹಾಕಿದರು. ಹಬ್ಬದ ರಜೆ ಮುಗಿದ ದಿನ ಸಹಿ ಮಾಡಿದ ಕಾಗದ ಕೊಡಬೇಕು. ನನ್ನ ಮೊಣಕಾಲು ಸಿಮೆಂಟು ನೆಲದ ಮೇಲೆ ನಿಂತು ನಿಂತು ಸವೆದಿತ್ತು. ಇನ್ನೂ ಹೀಗೇ ನಿಂತರೆ ಮುಂದೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಹೆಂಡತಿ ಮೆಂತ್ಯ ಸೊಪ್ಪು ಬಿಡಿಸುತ್ತಲೇ ಲೆಕ್ಕ ಹಾಕಿದಳು. "ಕಾರ್ಖಾನೆಯವರು ಒಟ್ಟಿಗೆ ಕೊಡೋ ದುಡ್ಡನ್ನ ಬ್ಯಾಂಕಲ್ಲಿ ಇಟ್ರೆ ಬಡ್ಡಿ ಬರುತ್ತೆ. ಅದ್ರಲ್ಲಿ ಊಟ, ಮನೆ ಬಾಡಿಗೆ ಆಗುತ್ತೆ. ಔಷಧಿ, ಹಬ್ಬ, ನೆಂಟರಿಗೆ ಲೇತಿನ ಬಾಡಿಗೆ. ಸಾಕಲ್ರೀ."

"ಲೇತಿನ ಬಾಡಿಗೆ ನಿಂತ್ರೆ?"

"ಯಾಕೆ ನಿಲ್ಲುತ್ತೆ? ಆ ಹುಡುಗ ಬಂಗಾರದಂಥವನು. ನೀವು ನಿಲ್ಲಿಸದಿದ್ರೆ ಸಾಕು."

ಅವಳ ಕೊನೆಯ ಮಾತು ಸುಮ್ಮನೆ ಬಂದದ್ದಲ್ಲ. ಕೆಲಸ ಮುಗಿಸಿ ಬರುವಾಗ ನಾನು ದಿನವೂ ಶೆಡ್ಡಿಗೆ ಹೋಗುತ್ತಿದ್ದೆ. ಆ ದಾರಿಯೇ ನನ್ನನ್ನು ಕರೆಯುತ್ತಿತ್ತು ಅನ್ನಬೇಕು. ಸಂಜೆಯ ಬಿಸಿಲಿಗೆ ಪೀಣ್ಯದ ರಸ್ತೆಯ ಮಣ್ಣಿನಲ್ಲಿ ಕಬ್ಬಿಣದ ಸುರುಳಿಗಳು ಹೊಳೆಯುತ್ತಿದ್ದವು, ಕೆಲವು ಬೆಳ್ಳಗೆ, ಕೆಲವು ಕಾದು ನವಿಲಿನ ಕತ್ತಿನಂತೆ ನೀಲಿಯಾಗಿ. ಅವುಗಳನ್ನು ನೋಡುತ್ತ ನಡೆದರೆ ಕಾಲು ತಾನಾಗಿ ಆ ಓಣಿಗೆ ತಿರುಗುತ್ತಿತ್ತು. ಹೋದವನು ಸುಮ್ಮನಿರುತ್ತಿರಲಿಲ್ಲ. ಎಣ್ಣೆ ಬಿಡುತ್ತಿದ್ದೆ. ಸಡಿಲವಾದದ್ದನ್ನು ಬಿಗಿಮಾಡುತ್ತಿದ್ದೆ. ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತಿದ್ದೆ. ಟರ್ನರ್ ಮೊದಮೊದಲು "ಇರ್ಲಿ ಬಿಡ್ರಿ ಸರ, ನಾ ಮಾಡ್ತೇನಿ" ಅನ್ನುತ್ತಿದ್ದ. ಆಮೇಲಾಮೇಲೆ ಮಾತಾಡುವುದನ್ನು ಬಿಟ್ಟು, ನಾನು ಬಂದ ಕೂಡಲೇ ಚಹಾ ಕುಡಿಯಲು ಹೊರಡುತ್ತಿದ್ದ.

ಹಾಗೆ ಅವನು ಹೊರಗೆ ಹೋಗಿದ್ದ ಒಂದು ಸಂಜೆ ನನ್ನ ಚೀಲದಿಂದ ಗೇಜು ತೆಗೆದು ಲೇತ್ ಅಳೆದೆ. ತಿರುಗುವ ಸರಳಿನ ಹಿಂದಿನ ತುದಿಯನ್ನು ಆನಿಸಿ ಹಿಡಿಯುವ ಭಾಗಕ್ಕೆ ಟೇಲ್‌ಸ್ಟಾಕ್ ಅನ್ನುತ್ತಾರೆ. ಅದು ನಡುಗೆರೆಯಿಂದ ಒಂದಿಷ್ಟು ಪಕ್ಕಕ್ಕೆ ಸರಿದಿತ್ತು. ಅಯ್ಯೋ, ಇಷ್ಟು ದಿನ ಹೀಗೇ ಓಡಿಸಿದ್ದಾನಲ್ಲ ಎಂದುಕೊಂಡು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ನೇರ ಕೂರಿಸಿದೆ. ಕೈ ಒರೆಸಿಕೊಂಡು ಮನೆಗೆ ಬಂದೆ. ಅಂದು ರಾತ್ರಿ ನಿದ್ದೆ ಬಹಳ ಚೆನ್ನಾಗಿ ಬಂತು.

ಆ ಭಾನುವಾರ ಟರ್ನರ್ ಮನೆಗೆ ಬಂದ. ಬಾಡಿಗೆಯ ದಿನವಲ್ಲ. ಬಟ್ಟೆಯಲ್ಲಿ ಸುತ್ತಿದ ಎರಡು ಸರಳು ತೆಗೆದು ನನ್ನ ಮುಂದಿಟ್ಟ. ಒಂದು ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತ ಸಣ್ಣಗಾಗಿತ್ತು. ಇನ್ನೊಂದು ಉದ್ದಕ್ಕೂ ಒಂದೇ ದಪ್ಪ.

"ಇದು ಆರ್ಡರ್ ಕೊಟ್ಟ ಪಾರ್ಟಿ ಕೇಳಿದ್ದು ಸರ. ಇದು ನೀವು ಮಾಡಿಸಿದ್ದು."

ನೋಡಿದ ಕೂಡಲೇ ಅರ್ಥವಾಯಿತು. ಸರಳು ಓರೆಯಾಗಿ ಬರಲೆಂದೇ ಅವನು ಟೇಲ್‌ಸ್ಟಾಕನ್ನು ಪಕ್ಕಕ್ಕೆ ಸರಿಸಿದ್ದ. ನಾನು ಅದನ್ನು ನೇರ ಮಾಡಿದ್ದೆ. ಹಿಂದಿನ ದಿನ ತಾನೇ ಕೂರಿಸಿದ್ದೆಂಬ ನಂಬಿಕೆಯಲ್ಲಿ ಬೆಳಗ್ಗೆ ಅವನು ಅಳೆಯದೆ ಕೆಲಸ ಶುರುಮಾಡಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ರಾಶಿ ಸರಳು ಗುಜರಿಗೆ ಹೋಗುವಂತಾಗಿತ್ತು.

"ಆದ ನಷ್ಟ ಕೊಡ್ತೀನಿ," ಅಂದೆ.

"ನಷ್ಟದ ಮಾತಲ್ರಿ ಸರ. ನೀವು ಮಾಲಕರೋ, ಕೆಲಸಗಾರರೋ? ಒಂದು ಹೇಳಿಬಿಡ್ರಿ. ಮಾಲಕರಾದ್ರ ಬಾಡಿಗಿ ತಗೊಂಡು ಆರಾಮ ಕುಂದರ್‍ರಿ. ಕೆಲಸಗಾರರಾದ್ರ ಬೆಳಗ್ಗೆ ಬರ್‍ರಿ, ಪಗಾರ ಕೊಡ್ತೇನಿ, ನಾ ಹೇಳಿದ್ದು ಮಾಡ್ರಿ. ಎರಡೂ ನೀವ ಆದ್ರ ನಾ ಏನು ಮಾಡ್ಲಿ?"

ನಾನು ಎರಡು ಸರಳನ್ನೂ ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದೆ.

"ಆಯುಧ ಪೂಜಿ ಮುಗಿಸಿ ನಿಮ್ಮ ಮಿಷನ್ ತಗೊಂಡು ಹೋಗಿಬಿಡ್ರಿ. ನಾ ಬ್ಯಾರೆ ಕಡೆ ನೋಡ್ಕೋತೇನಿ," ಅಂದು ಎದ್ದ. ಹೆಂಡತಿ ಒಳಗಿನಿಂದ ಕಾಫಿ ತಂದಳು. "ಅಕ್ಕಾರ, ಕಾಫಿ ಬ್ಯಾಡ್ರಿ" ಅಂದವನು ಅವಳ ಮುಖ ನೋಡಿ ನಿಂತಲ್ಲೇ ಕುಡಿದು ಹೋದ.

ಸಹಿ ಇಲ್ಲದ ಕಾಗದ ಗೂಡಿನಲ್ಲಿತ್ತು. ಲೇತಿನ ಬಾಡಿಗೆ ಇಲ್ಲದೆ ಅದಕ್ಕೆ ಸಹಿ ಮಾಡುವಂತಿರಲಿಲ್ಲ. ಮಾಡದಿದ್ದರೆ ಮೊಣಕಾಲಿನ ಮೇಲೆ ಇನ್ನೂ ಐದಾರು ವರ್ಷ ಸಿಮೆಂಟು ನೆಲ.

"ಬ್ಯಾಂಕಲ್ಲಿ ದುಡ್ಡಿಟ್ರೆ ದಿನಾ ಸಂಜೆ ಹೋಗಿ ಮ್ಯಾನೇಜರ್ ಕುರ್ಚಿ ಒರೆಸ್ತೀರಾ?" ಹೆಂಡತಿ ಕೇಳಿದಳು.

"ಅದು ಬೇರೆ ಕಣೇ."

"ಏನು ಬೇರೆ? ಮುಟ್ಟಿದ್ರೇನೇ ನಿಮ್ಮದಾ? ಕೈ ಕಟ್ಕೊಂಡು ಇರೋದನ್ನೂ ಒಂದು ಕೆಲಸ ಅಂದ್ಕೊಳ್ಳಿ. ಕೆಲಸ ಅಂದ್ರೆ ನಿಯತ್ತಾಗಿ ಮಾಡ್ತೀರಲ್ಲ."

ಆಯುಧ ಪೂಜೆಯ ದಿನ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಒಗೆದ ಪಂಚೆ ಉಟ್ಟು ಶೆಡ್ಡಿಗೆ ಹೋದೆ. ಗೇಜಿನ ಚೀಲವನ್ನು ಮನೆಯಲ್ಲೇ ಬಿಟ್ಟಿದ್ದೆ. ಪೀಣ್ಯದ ಎಲ್ಲ ಯಂತ್ರಗಳೂ ಅಂದು ನಿಂತಿದ್ದವು. ಅಂಥ ನಿಶ್ಶಬ್ದವನ್ನು ಆ ರಸ್ತೆಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ ಕೇಳಬಹುದಿತ್ತು. ಚೆಂಡುಹೂವಿನ ವಾಸನೆ, ಧೂಪದ ಹೊಗೆ. ಬಾಗಿಲು ಬಾಗಿಲಿಗೂ ಬಾಳೆಕಂದು. ಊರು ನಿದ್ದೆಯಲ್ಲಿ ನಡೆಯುತ್ತಿರುವಂತೆ ಕಂಡಿತು.

ಟರ್ನರ್ ಲೇತಿಗೆ ಮಾಲೆ ಹಾಕಿ ಮುಗಿಸಿದ್ದ. ನನ್ನನ್ನು ಕಂಡು, ಮುನಿಸಿದ್ದರೂ ಮರ್ಯಾದೆ ಬಿಡದೆ, ಆರತಿ ತಟ್ಟೆ ಮುಂದೆ ಹಿಡಿದ. "ಮಾಡ್ರಿ ಸರ. ಮಿಷನ್ ನಿಮ್ಮದೈತಿ."

"ನೀನೇ ಮಾಡಪ್ಪ. ಅದರ ಜೊತೆ ದುಡಿಯೋನು ನೀನು. ನಾನು ಪ್ರಸಾದಕ್ಕೆ ಬಂದಿದ್ದೀನಿ."

ಮೂಲೆಯ ಸ್ಟೂಲಿನ ಮೇಲೆ ಕುಳಿತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಅವನು ಆರತಿ ಎತ್ತಿದ, ಕಾಯಿ ಒಡೆದ, ಬಾಗಿಲಲ್ಲಿ ಬೂದುಗುಂಬಳ ಒಡೆದ. ಕುಂಕುಮ ಹಚ್ಚುವಾಗ ಒಂದು ಚಿಟಿಕೆ ಲೇತಿನ ನುಣುಪಾದ ಹಾಸಿನ ಮೇಲೆ ಉದುರಿತು. ಕಾಯಿನೀರು ಬಿದ್ದು ಅದು ಕೆಂಪಾಗಿ ಹರಡಿತು. ಕಾಯಿನೀರು ತಗುಲಿದ ಹಾಸು ತುಕ್ಕು ಹಿಡಿಯುತ್ತದೆ. ಇಡೀ ಜೀವಮಾನ ನಾನು ಅಂಥ ಕಲೆಯನ್ನು ಕಂಡೂ ಒರೆಸದೆ ಇದ್ದವನಲ್ಲ. ಬೆರಳುಗಳು ಪಂಚೆಯ ಅಂಚನ್ನು ಹಿಂಡುತ್ತಿದ್ದವು. ಕುಳಿತೇ ಇದ್ದೆ.

ಟರ್ನರ್ ಒಮ್ಮೆ ಹಾಸನ್ನು, ಒಮ್ಮೆ ನನ್ನನ್ನು ನೋಡಿದ. ಅವನ ಮೀಸೆ ಅಲುಗಿತು.

"ಕೈ ಕಡಿತಾವೇನ್ರಿ ಸರ?"

"ಬಹಳ," ಅಂದೆ.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಹತ್ತಿಯ ವೇಸ್ಟ್ ತೆಗೆದುಕೊಂಡು ನಿಧಾನವಾಗಿ, ನನಗೆ ಕಾಣಿಸುವಂತೆ ಒರೆಸಿ ಎಣ್ಣೆ ಸವರಿದ. ನಾನು ಮಾಡುತ್ತಿದ್ದುದಕ್ಕಿಂತ ಚೆನ್ನಾಗಿಯೂ ಅಲ್ಲ, ಕಡಿಮೆಯೂ ಅಲ್ಲ. ಆಮೇಲೆ ಮಂಡಕ್ಕಿ, ಬಾಳೆಹಣ್ಣು, ಕಾಯಿಚೂರು ಕೈಗೆ ಕೊಟ್ಟು, "ಮಿಷನ್ ಇಲ್ಲೇ ಇರಲಿ ಬಿಡ್ರಿ. ಬಾಡಿಗಿ ನಾನ ಮನಿಗೆ ತರ್ತೇನಿ. ನೀವು ಈ ಕಡೆ ಬರಬ್ಯಾಡ್ರಿ. ಮುಂದಿನ ಪೂಜಿಗೆ ಬರ್‍ರಿ," ಅಂದ.

ರಜೆ ಮುಗಿದ ದಿನ ಕಾಗದಕ್ಕೆ ಸಹಿ ಮಾಡಿ ಕೊಟ್ಟೆ. ನನ್ನ ಆದಾಯದಲ್ಲಿ ಅಲ್ಲಿಂದಾಚೆಗೆ ಕೈಯಿಂದ ಬಂದದ್ದು ಒಂದು ಪೈಸೆಯೂ ಇಲ್ಲ.

ಕಾರ್ಖಾನೆಯಿಂದ ಬಿಡುಗಡೆಯಾದ ಮರುದಿನ, ಎಲ್ಲರೂ ಕೆಲಸದಲ್ಲಿರುವ ಹೊತ್ತಿನಲ್ಲಿ, ತರಕಾರಿ ಚೀಲ ಹಿಡಿದು ಹೊರಟೆ. ಹಗಲಿನ ಆ ಬೆಳಕನ್ನು ವಾರದ ನಡುವೆ ಬೀದಿಯಲ್ಲಿ ಎಂದೂ ನೋಡಿರಲಿಲ್ಲ. ಟರ್ನರ್‌ನ ಓಣಿಯ ತುದಿಯಲ್ಲಿ ಕಾಲು ನಿಂತಿತು. ಒಳಗೆ ತಿರುಗಲಿಲ್ಲ. ಎಷ್ಟೋ ಶೆಡ್ಡುಗಳು, ಎಷ್ಟೋ ಲೇತುಗಳು, ಒಂದರೊಳಗೊಂದು ಸೇರಿ ಜೇನುಗೂಡಿನಂತೆ ಗುನುಗುತ್ತಿದ್ದವು. ಕಣ್ಣುಮುಚ್ಚಿ ಕಿವಿಗೊಟ್ಟೆ. ಅದರಲ್ಲಿ ನನ್ನದು ಯಾವುದು ಎಂದು ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಬದನೆಕಾಯಿ ತರಲು ಹೋದೆ.