ಹಸಿರು ಕೊಡ ಬಾರದ ಬೆಳಿಗ್ಗೆ

ಗುಂಡ್ಲುಪೇಟೆಯ ಆಶ್ರಯ ವಸತಿ ಕಟ್ಟಡದಲ್ಲಿ ಒಂಟಿಯಾಗಿರುವ ಹಿರಿಯರನ್ನು ದಿನವೂ ವಿಚಾರಿಸಿಕೊಳ್ಳುವ ಸೇವೆಯೊಂದಿದೆ. ಅದರ ತಪಾಸಣೆಗೆ ಹೋದಾಗ ಭೇಟಿ ಪುಸ್ತಕ ಪೂರ್ತಿ ಖಾಲಿ ಇತ್ತು. ನಿಯಮದ ವಿಷಯದಲ್ಲಿ ನಾನು ಸಡಿಲ ಬಿಡುವವನಲ್ಲ. ‘ಬರೆದಿಲ್ಲ ಅಂದರೆ ನಡೆದಿಲ್ಲ. ಸೇವೆ ನಿಲ್ಲಿಸಲು ಶಿಫಾರಸು ಮಾಡುತ್ತೇನೆ’ ಎಂದೆ.

ಅದನ್ನು ನೋಡಿಕೊಳ್ಳುವ ಮಾದೇವಮ್ಮ ಹೆದರಲಿಲ್ಲ. ‘ನಾಳೆ ಬೆಳಿಗ್ಗೆ ನೀರು ಬುಡೋ ಹೊತ್ಗೆ ನಲ್ಲಿ ತಾವ ಬನ್ನಿ ಸಾ. ಆಮೇಲೆ ಏನಾರ ಬರ್ಕಳಿ’ ಎಂದರು.

ಹೋದೆ. ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿದ್ದವು, ಒಬ್ಬೊಬ್ಬರದು ಒಂದೊಂದು ಬಣ್ಣ. ಮಾದೇವಮ್ಮ ಮನುಷ್ಯರನ್ನು ಬಿಟ್ಟು ಕೊಡಗಳನ್ನೇ ನೋಡುತ್ತಾ ಬಂದು ಥಟ್ಟನೆ ನಿಂತರು. ‘ಸಿದ್ದಮ್ಮಜ್ಜಿ ಹಸ್ರು ಕೊಡ ಬಂದಿಲ್ವಲ್ಲ ಕಣ್ರಮ್ಮಿ?’

ಮುಂದಿದ್ದ ಹೆಂಗಸು ತನ್ನ ಕೊಡ ಅರ್ಧ ತುಂಬಿದ್ದರೂ ನಲ್ಲಿ ನಿಲ್ಲಿಸಿಬಿಟ್ಟಳು. ನೀರು ಬರುವುದೇ ಅರ್ಧ ಗಂಟೆ. ಆದರೂ ಯಾರೂ ಗೊಣಗಲಿಲ್ಲ. ನಾಲ್ವರು ಎರಡನೇ ಮಹಡಿಗೆ ಓಡಿದರು. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು, ಕೂಗಲೂ ತ್ರಾಣವಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಕೆಳಗಿಳಿಸಿ, ಆಸ್ಪತ್ರೆಗೆಂದು ಆಟೋ ಹತ್ತಿಸುವವರೆಗೆ ಆ ನಲ್ಲಿಯನ್ನು ಯಾರೂ ಮುಟ್ಟಲಿಲ್ಲ. ಇಂಥ ಶಿಸ್ತನ್ನು ನಾನು ಯಾವ ಕಚೇರಿಯಲ್ಲೂ ಕಂಡವನಲ್ಲ. ಸೇವೆ ನಿಲ್ಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಆಟೋ ಹೊರಡುವ ಮುಂಚೆ, ಒಳಗೆ ಕೂತು ಸ್ವಲ್ಪ ಸುಧಾರಿಸಿಕೊಂಡ ಅಜ್ಜಿ ಹೊರಗೆ ನಿಂತಿದ್ದ ನನ್ನತ್ತ ಕೈ ತೋರಿಸಿದರು. ‘ಇವ್ನ್ಯಾರು, ಸುಮ್ಕೆ ನಿಂತವ್ನೆ? ನನ್ ಕೊಡ ತುಂಬ್ಸಿ ಮೇಲ್ ಮಡಗ್ಬುಡಪ್ಪ.’

ಮಾದೇವಮ್ಮ ಕೊಡ ತಂದುಕೊಟ್ಟರು. ತುಂಬಿಸಿ ಹೊತ್ತೆ. ಎರಡನೇ ಮಹಡಿ ಮುಟ್ಟುವಷ್ಟರಲ್ಲಿ ಅರ್ಧ ನೀರು ನನ್ನ ಶೂ ಒಳಗಿತ್ತು.